ಹದಿನಾಲ್ಕು ಚುಕ್ಕೆಯ ಮುಖ

ಎಂಟನೇ ಮೈಲಿಯಲ್ಲಿ ಬಸ್ಸಿಳಿದು ತುಮಕೂರು ರಸ್ತೆ ದಾಟಲು ನಿಂತಾಗ, ಆಚೆ ಬದಿಯ ಗುಂಪಿನಲ್ಲಿ ಒಬ್ಬ ತನ್ನನ್ನೇ ನೋಡುತ್ತಿದ್ದಾನೆ ಎಂದು ಹನುಮೇಶನಿಗೆ ಅನ್ನಿಸಿತು. ಮೆಟ್ರೋ ಕಂಬಗಳ ಕೆಲಸದ ಧೂಳು ರಸ್ತೆಯ ನಡುವೆ ಎದ್ದು ಅಲ್ಲಿನ ಮುಖಗಳೆಲ್ಲ ಒದ್ದೆ ಬಟ್ಟೆಯಿಂದ ಒರೆಸಿ ಬಿಟ್ಟ ಹಾಗಿದ್ದವು. ಆದರೂ ಆ ಒಂದು ಮುಖಕ್ಕೆ ಅವನ ಮನಸ್ಸು ತಾನಾಗಿ ಕಣ್ಣು ಬರೆಯಿತು, ಹುಬ್ಬು ಬರೆಯಿತು, ಸಿಟ್ಟಿಗೆ ಬಿಗಿದುಕೊಂಡ ತುಟಿ ಬರೆಯಿತು. ದಾಟಿ ಹತ್ತಿರ ಹೋದರೆ, ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಆಕಳಿಸುತ್ತಿದ್ದ ಯಾರೋ ಮುದುಕ. ಗುರುವಾರದಿಂದ ಹೀಗೇ ಆಗುತ್ತಿತ್ತು. ಇವತ್ತು ಸೋಮವಾರ. ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೇಳಿದಾಗಲೂ ಅವನು ಆ ಮನುಷ್ಯನ ಗಲ್ಲದ ಮೇಲೆ ಬೆಳಕು ಎಲ್ಲಿ ಮುಗಿದು ನೆರಳು ಎಲ್ಲಿ ಶುರುವಾಗುತ್ತದೆ ಎಂದು ನೋಡುತ್ತ ಕೂತುಬಿಟ್ಟಿದ್ದ. ‘ಏನ್ ಗುರು, ಮುಖದಲ್ಲಿ ರೂಟ್ ಮ್ಯಾಪ್ ಇದ್ಯಾ?’ ಎಂದು ಕಂಡಕ್ಟರ್ ಕೇಳಿದ್ದಕ್ಕೆ ಹಿಂದಿನವರು ನಕ್ಕಿದ್ದರು.

ಪೀಣ್ಯ ಎರಡನೇ ಹಂತದಲ್ಲಿ, ಲೇತ್ ವರ್ಕ್‌ಶಾಪುಗಳ ಸಾಲಿನ ಕೊನೆಗೆ ಇರುವ ಶ್ಯಾಮಣ್ಣನ ಡಿಜಿಟಲ್ ಪ್ರಿಂಟಿಂಗ್ ಅಂಗಡಿಯಲ್ಲಿ ಹನುಮೇಶ ಆರು ವರ್ಷದಿಂದ ಡಿಸೈನರ್. ಹುಟ್ಟುಹಬ್ಬದ ಪುಢಾರಿಗಳು, ಅಯ್ಯಪ್ಪನ ಭಕ್ತ ಮಂಡಳಿಯವರು, ಕಾರ್ಖಾನೆಯ ಸುರಕ್ಷತಾ ಸಪ್ತಾಹದವರು, ಎಲ್ಲರೂ ಮೊಬೈಲಿನಲ್ಲಿ ತೆಗೆದ ಬೆರಳಗಲದ ಫೋಟೋ ತಂದು ಹತ್ತಡಿಯ ಫ್ಲೆಕ್ಸ್ ಕೇಳುವವರೇ. ಒಮ್ಮೆಲೇ ಎಳೆದರೆ ಮುಖ ಒಡೆದ ಹೆಂಚಿನ ಹಾಗೆ ಚೌಕ ಚೌಕವಾಗುತ್ತದೆ. ಹತ್ತು ಹತ್ತು ಪರ್ಸೆಂಟಿನಂತೆ ದೊಡ್ಡದು ಮಾಡಬೇಕು. ಪ್ರತಿ ಸಲವೂ ನಡುವೆ ಬೀಳುವ ಖಾಲಿ ಜಾಗಕ್ಕೆ ಅಕ್ಕಪಕ್ಕದ ಚುಕ್ಕೆಗಳನ್ನು ನೋಡಿ ಕಂಪ್ಯೂಟರ್ ಒಂದು ಬಣ್ಣ ಊಹಿಸುತ್ತದೆ. ಆಮೇಲೆ ಕಾಳು ಕಾಳಾದದ್ದನ್ನು ಒರೆಸಿ, ಅಂಚುಗಳನ್ನು ಚೂಪು ಮಾಡಿ, ಕೊನೆಗೆ ಮೇಲೆ ಸಣ್ಣಗೆ ಮರಳಿನಂಥ ಚುಕ್ಕೆ ಚಿಮುಕಿಸಿದರೆ, ನೋಡುವವನ ಕಣ್ಣು ಆ ಮರಳನ್ನೇ ಚರ್ಮದ ವಿವರ ಎಂದು ನಂಬುತ್ತದೆ. ಎಸ್‌ಪಿ ರೋಡಿನಿಂದ ತಂದ ಸಿಡಿಯಲ್ಲಿ ಇದಕ್ಕೆಂದೇ ಇನ್ನೊಂದು ಸಾಫ್ಟ್‌ವೇರೂ ಇತ್ತು. ‘ಎಷ್ಟು ಬೇಕಾದ್ರೂ ದೊಡ್ಡದು ಮಾಡಬಹುದು ಸಾರ್, ಕ್ವಾಲಿಟಿ ಹೋಗಲ್ಲ’ ಎನ್ನುವುದು ಹನುಮೇಶನ ಮಾತು. ಅದು ಪೂರ್ತಿ ನಿಜವಲ್ಲ ಎಂದು ಅವನಿಗೆ ಗೊತ್ತಿತ್ತು. ಸುಳ್ಳು ಅಂತಲೂ ಅನ್ನಿಸಿರಲಿಲ್ಲ. ಫ್ಲೆಕ್ಸಿನ ಮೇಲಿನ ಪುಢಾರಿಯ ಗಲ್ಲ ಹೀಗೇ ಇತ್ತೋ ಇಲ್ಲವೋ ಎಂದು ಯಾರು ಕೇಳುತ್ತಾರೆ?

ಗುರುವಾರ ರುದ್ರೇಶ್ ಬಂದಾಗಲೂ ಅದೇ ಮಾತು ಹೇಳಿದ್ದ. ರುದ್ರೇಶ್ ಹತ್ತಿರದ ಪಂಪು ತಯಾರಿಸುವ ಕಾರ್ಖಾನೆಯ ಎಚ್‌ಆರ್ ಅಧಿಕಾರಿ. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ಕಂಡೂ ಕಾಣದ ವಿಭೂತಿ. ಜೊತೆಗೆ ಸೂಪರ್‌ವೈಸರ್ ದಾಸಪ್ಪ. ಅವರ ಕಾರ್ಖಾನೆಯಲ್ಲಿ ಮಂಗಳವಾರ ತಗಡು ಒತ್ತುವ ಪ್ರೆಸ್ಸಿಗೆ ಸಿಕ್ಕಿ ಒಬ್ಬನ ಎರಡು ಬೆರಳು ಹೋಗಿದ್ದವು. ಅದು ಅವನದೇ ಅಜಾಗರೂಕತೆ ಎಂದು ಮ್ಯಾನೇಜ್‌ಮೆಂಟಿನವರು ಬರೆದುಕೊಂಡರಂತೆ. ಸಂಜೆ ಗೇಟಿನ ಮುಂದೆ ಗಲಾಟೆ ಎದ್ದು ಎಲ್ಲಿಂದಲೋ ಒಂದು ಕಲ್ಲು ಹಾರಿ ಬಂದು ಆಫೀಸಿನ ಗಾಜು ಒಡೆದಿತ್ತು. ಒಳಗೆ ಕೂತಿದ್ದ ಸುಮಂಗಲಾ ಎನ್ನುವ ಕ್ಲರ್ಕಿನ ಹುಬ್ಬು ಸೀಳಿತ್ತು. ‘ಅರ್ಧ ಇಂಚು ಕೆಳಗೆ ಬಿದ್ದಿದ್ರೆ ಕಣ್ಣು ಕಣ್ರೀ. ಇಪ್ಪತ್ಮೂರು ವರ್ಷದ ಹುಡುಗಿ’ ಎಂದು ರುದ್ರೇಶ್ ತನ್ನ ಹುಬ್ಬಿನ ಮೇಲೆ ಬೆರಳಿಟ್ಟು ತೋರಿಸಿದ. ಸೆಕ್ಯೂರಿಟಿಯವನು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ತಂದಿದ್ದರು. ಕೊನೆಯ ಸಾಲಿನಲ್ಲಿ ಒಬ್ಬ ಕೈ ಎತ್ತಿದ್ದ. ಅವನ ಮುಖ ಬೇಕಿತ್ತು. ಹನುಮೇಶ ಎಣಿಸಿದ್ದ: ಅಗಲಕ್ಕೆ ಹದಿನಾಲ್ಕು ಚುಕ್ಕೆ, ಉದ್ದಕ್ಕೆ ಹದಿನೆಂಟು.

ಸಾಫ್ಟ್‌ವೇರು ತನ್ನಿಂದಾದದ್ದನ್ನೆಲ್ಲ ಮಾಡಿ ಕೊನೆಗೆ ಕೊಟ್ಟದ್ದು ಸಿಪ್ಪೆ ಸುಲಿದ ಮೊಟ್ಟೆಯಂಥ ಒಂದು ಆಕಾರ. ರುದ್ರೇಶ್ ಉಸಿರುಬಿಟ್ಟು ಏಳಲು ಹೋದ. ಆ ಉಸಿರನ್ನು ಹನುಮೇಶನಿಗೆ ತಡೆದುಕೊಳ್ಳಲು ಆಗಲಿಲ್ಲ. ‘ಐದು ನಿಮಿಷ ಸಾರ್’ ಎಂದ. ಎಡಗಡೆ ಒಂದು ಚುಕ್ಕೆ ಉಳಿದವಕ್ಕಿಂತ ತುಸು ಕಪ್ಪಗಿತ್ತು. ಅದು ಕಣ್ಣು ಎಂದು ತೀರ್ಮಾನಿಸಿದ. ಕಣ್ಣು ಒಂದು ಬಂದರೆ ಇನ್ನೊಂದು ಎಲ್ಲಿರಬೇಕೆಂದು ಕೈಗೆ ಗೊತ್ತು. ಎರಡು ಕಣ್ಣಿದ್ದರೆ ಮೂಗಿಗೆ ಬೇರೆ ದಾರಿ ಇಲ್ಲ. ಅವನು ಬರೆಯುತ್ತ ಹೋದಂತೆ ರುದ್ರೇಶ್ ಕುರ್ಚಿ ಹತ್ತಿರ ಎಳೆದುಕೊಂಡ. ‘ನೀವು ಆರ್ಟಿಸ್ಟ್ ಕಣ್ರೀ’ ಎಂದ. ಆರು ವರ್ಷದಲ್ಲಿ ಆ ಅಂಗಡಿಯಲ್ಲಿ ಅವನಿಗೆ ‘ನೀವು’ ಅಂದವರು ಇರಲಿಲ್ಲ. ಆಗಲೇ ಹಿಂದಿನಿಂದ ದಾಸಪ್ಪ ಬಗ್ಗಿ, ‘ಸಾರ್, ಇದು ನಮ್ಮ ಅಮರಪ್ಪ ಅಲ್ವಾ? ಮೀಸೆ ಸ್ವಲ್ಪ ದಪ್ಪ ಅವಂದು’ ಎಂದದ್ದು. ಆ ಮಾತು ಕೇಳಿದ ಮೇಲೆ ತಾನು ಮೀಸೆಯನ್ನು ದಪ್ಪ ಮಾಡಿದೆನೋ, ಅಥವಾ ಅದು ಮೊದಲೇ ದಪ್ಪಗಿತ್ತೋ? ನಾಲ್ಕು ದಿನದಿಂದ ಇದೊಂದೇ ಹನುಮೇಶನಿಗೆ ನೆನಪಾಗುತ್ತಿರಲಿಲ್ಲ. ಕೈ ಆಡಿದ್ದು ನೆನಪಿತ್ತು, ಆದರೆ ಮೊದಲೋ ಆಮೇಲೋ ಎನ್ನುವುದು ಮಾತ್ರ ಮಸುಕು. ಊರಿನಲ್ಲಿ ಅವ್ವ ಕಣ್ಣಿಗೆ ಪೊರೆ ಬಂದ ಮೇಲೂ ಅದನ್ನು ಒಪ್ಪಿಕೊಳ್ಳದೆ, ಕಟ್ಟೆಯ ಮೇಲೆ ಕೂತು ಹಾದುಹೋಗುವವರಿಗೆಲ್ಲ ಒಂದೊಂದು ಹೆಸರು ಕೊಡುತ್ತಿದ್ದಳು. ‘ಯಾಕ ಗೌರಮ್ಮಾ, ಕೊಡ ಒಡದದ್ದು ನೀನಽ ಅಲ್ಲೇನು?’ ಎಂದು ಒಮ್ಮೆ ಯಾರನ್ನೋ ಗದರಿಸಿದಾಗ, ಹೋಗುತ್ತಿದ್ದವಳು ಗೌರಮ್ಮ ಅಲ್ಲದಿದ್ದರೂ ತಲೆ ತಗ್ಗಿಸಿ, ‘ತಪ್ಪಾತಬೇ’ ಎಂದು ಹೋಗಿದ್ದಳು. ಹುಡುಗ ಹನುಮೇಶ ಪಕ್ಕದಲ್ಲೇ ಕೂತಿದ್ದ, ನಕ್ಕಿದ್ದ. ಈಗ ಆ ಹೆಂಗಸಿನ ಮುಖ ನೆನಪಿಸಿಕೊಳ್ಳಲು ಹೋದರೆ ಬರುವುದು ಬರೀ ತಗ್ಗಿಸಿದ ತಲೆ.

ಹನ್ನೊಂದು ಗಂಟೆಯ ಹೊತ್ತಿಗೆ, ಶ್ಯಾಮಣ್ಣ ಫ್ಲೆಕ್ಸ್ ರೋಲು ತರಲು ಹೋಗಿದ್ದಾಗ, ಕೌಂಟರಿನ ಮುಂದೆ ಒಬ್ಬ ಬಂದು ನಿಂತ. ನಲವತ್ತರ ಆಸುಪಾಸು. ಕೈಯಲ್ಲಿ ಸುತ್ತಿದ ಒಂದು ಪ್ರಿಂಟು. ಬಿಚ್ಚಿ ಕೌಂಟರಿನ ಮೇಲೆ ಹಾಸಿದ. ಗುರುವಾರ ಹನುಮೇಶ ಬರೆದ ಮುಖ. ಎದುರಿಗೆ ನಿಂತವನು ಅಮರಪ್ಪನೇ ಇರಬೇಕು. ಹೋಲಿಕೆ ಇತ್ತು. ಆದರೆ ಚಿತ್ರದಲ್ಲಿ ಕಿವಿಯ ಹಾಲೆ ಕೆನ್ನೆಗೆ ಅಂಟಿಕೊಂಡಿತ್ತು, ಇವನದು ಜೋತುಬಿದ್ದಿತ್ತು. ಎಂದೋ ಮುಚ್ಚಿಹೋದ ಒಂಟಿಯ ತೂತು ಅದರಲ್ಲಿ ಕಾಣುತ್ತಿತ್ತು. ತಾನು ಬರೆದವನ ಅಣ್ಣ ಬಂದು ನಿಂತ ಹಾಗಿತ್ತು.

‘ಅಣ್ಣಾರ, ಇದರ ಹಿಂದ ನಿಮ್ಮ ಅಂಗಡಿ ಸಿಕ್ಕಾ ಹೊಡದೈತಿ. ಇದನ್ನ ಹೊಳ್ಳಿ ಸಣ್ಣದು ಮಾಡಿಕೊಡ್ತೀರೇನ್ರಿ?’

‘ಸಣ್ಣದಾ?’

‘ಮೊದಲ ಎಷ್ಟಿತ್ತೋ ಅಷ್ಟಽ. ನನ್ನ ಸಸ್ಪೆಂಡ್ ಮಾಡ್ಯಾರ್ರಿ. ಬುಧವಾರ ಎನ್‌ಕ್ವಾಯರಿ. ಮೊದಲಿನ ಫೋಟೋ ತೋರಿಸ್ರಿ ಅಂದ್ರ, ಎರಡೂ ಒಂದಽ ಅಂತಾರ. ಒಂದಽ ಇದ್ರ, ಹೊಳ್ಳಿ ಸಣ್ಣದು ಮಾಡಿದಾಗ ನನ್ನ ಮುಖ ಅದರಾಗ ಇರಬೇಕಲ್ಲ? ಇರತೈತೇನು, ನೋಡೂಣು.’

ಹನುಮೇಶ ಫೈಲು ತೆರೆದ. ಅಷ್ಟು ಹೊತ್ತು ಕೂತು ಮಾಡಿದ್ದು ಒಂದು ಗುಂಡಿ ಒತ್ತಿದ ಕೂಡಲೆ ಕುಗ್ಗಿ, ಮತ್ತೆ ಹದಿನಾಲ್ಕು ಹದಿನೆಂಟು ಚುಕ್ಕೆಯಾಯಿತು. ಮೂಲದ ಪಕ್ಕ ಇಟ್ಟು ನೋಡಿದ. ಒಂದು ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಅಮರಪ್ಪ ಕೌಂಟರಿನ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದ.

‘ಇದರಾಗ ನಾ ಎಲ್ಲಿ ಅದೀನ್ರಿ?’

‘ಇಲ್ಲ’ ಎಂದ ಹನುಮೇಶ. ಆಮೇಲೆ, ‘ಯಾರೂ ಇಲ್ಲ’ ಎಂದ. ತಾನು ಊರಿನ ಭಾಷೆಗೆ ಜಾರಿದ್ದು ಮುಂದಿನ ಮಾತಿನಲ್ಲೇ ಗೊತ್ತಾಯಿತು: ‘ಯಾ ಊರ್ರಿ ನಿಮ್ದು?’

‘ಯಲಬುರ್ಗಾ ತಾಲ್ಲೂಕ್ರಿ. ನೀವು?’

‘ಕುಷ್ಟಗಿ ಕಡೆ.’

‘ನಮ್ಮವರಽ ಆದ್ರಲ್ಲ!’ ಅಮರಪ್ಪನ ಮುಖ ಅರಳಿತು. ‘ಮತ್ತ ಈ ಮುಖ ಯಾರು ಮಾಡ್ಯಾರ್ರಿ, ಅಣ್ಣಾರ?’

‘ಸಾಫ್ಟ್‌ವೇರು.’

‘ಅದಕ್ಕ ನನ್ನ ಮ್ಯಾಲ ಏನು ಸಿಟ್ಟಿತ್ತೋ ಏನೋ’ ಎಂದು ನಕ್ಕು, ಆ ಚೂರು ಚಿತ್ರದ ಪ್ರಿಂಟು ತೆಗೆಸಿಕೊಂಡು, ಅಂಗಿಯ ಜೇಬಿನಲ್ಲಿ ಹುಷಾರಾಗಿಟ್ಟುಕೊಂಡು ಹೋದ. ಹೋಗುವ ಮೊದಲು ಮನೆ ಎಲ್ಲಿ ಎಂದೂ ಹೇಳಿದ. ಇಬ್ಬರೂ ಇರುವುದು ಚಿಕ್ಕಬಾಣಾವರದಲ್ಲೇ, ಅವನದು ರೈಲು ಹಳಿಯ ಆಚೆ, ಇವನದು ಈಚೆ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚದೆ ಹನುಮೇಶ ಒಂದು ಕೆಲಸ ಮಾಡಿದ. ಆಧಾರ್ ಕಾರ್ಡಿಗೆಂದು ತೆಗೆಸಿದ್ದ ತನ್ನದೇ ಫೋಟೋವನ್ನು ಎದುರಿಗಿಟ್ಟುಕೊಂಡು, ಆ ಮೊಟ್ಟೆಯಂಥ ಆಕಾರದ ಮೇಲೆ ಮತ್ತೆ ಮುಖ ಬರೆಯತೊಡಗಿದ. ಈ ಸಲ ತನ್ನ ಕಣ್ಣು, ತನ್ನ ಮೊಂಡು ಮೂಗು, ಮೀಸೆ ಇಲ್ಲದ ತನ್ನ ತುಟಿ. ಬೆಳಕನ್ನು ಅಲ್ಲಿ ಇಲ್ಲಿ ತುಸು ಸರಿಸಬೇಕಾಯಿತು, ಅಷ್ಟೆ. ಕುಗ್ಗಿಸಿ ನೋಡಿದ. ಅದೇ ಹದಿನಾಲ್ಕು ಚುಕ್ಕೆ, ಅದೇ ಹದಿನೆಂಟು. ಗೆದ್ದೆ ಅನ್ನಿಸಬೇಕಿತ್ತು. ಅದರ ಬದಲು, ಹೊಸ ಊರಿನಲ್ಲಿ ಯಾರೋ ಹೆಸರು ಹಿಡಿದು ಕೂಗಿದಾಗ ಆಗುವಂಥ ಹೆದರಿಕೆಯಾಯಿತು. ಕೈ ಎತ್ತಿ ನಿಂತವನು ಪರದೆಯ ಮೇಲಿಂದ ಅವನನ್ನು ನೋಡುತ್ತಿದ್ದ, ಮತ್ತು ಆ ಎತ್ತಿದ ಕೈ ಅವನಿಗೆ ಚೆನ್ನಾಗಿ ಒಪ್ಪುತ್ತಿತ್ತು. ಆ ಮಂಗಳವಾರ ಸಂಜೆ ತಾನು ಎಲ್ಲಿದ್ದೆ? ಯಾರಿಗೋ ಬ್ಯಾನರ್ ಕೊಡಲು ಆ ರಸ್ತೆಯಲ್ಲೇ ಹೋಗಿದ್ದೆನಲ್ಲ? ಜನ ಕಂಡು ನಿಂತಿದ್ದೆನೋ, ನಿಲ್ಲದೆ ಹೋದೆನೋ?

ಮರುದಿನ ಬೆಳಿಗ್ಗೆ ಎರಡೂ ಮುಖಗಳ ಪ್ರಿಂಟುಗಳನ್ನು ಸುತ್ತಿಕೊಂಡು ಕಾರ್ಖಾನೆಗೆ ಹೋದ. ಮುಕ್ಕಾಲು ಗಂಟೆ ಗೇಟಿನಲ್ಲಿ ಕೂರಿಸಿದರು. ರುದ್ರೇಶ್ ಒಳಗೆ ಕರೆಸಿದಾಗ ದಾಸಪ್ಪನೂ ಅಲ್ಲೇ ಇದ್ದ. ಹೇಳಬೇಕಾದ್ದನ್ನೆಲ್ಲ ಹನುಮೇಶ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ. ಆದರೆ ಬಾಯಿಂದ ಬಂದದ್ದು ಇಷ್ಟೇ: ‘ಸಾರ್, ಆ ಫೋಟೋದಿಂದ ಇದೂ ಬರತ್ತೆ’ ಎಂದು ಎರಡನೆಯ ಪ್ರಿಂಟನ್ನು ಮೇಜಿನ ಮೇಲೆ ಬಿಚ್ಚಿದ.

ರುದ್ರೇಶ್ ಕನ್ನಡಕ ಹಾಕಿಕೊಂಡ. ‘ಓ. ಇವನ್ಯಾರು? ಇವನೂ ಹಿಂದೆ ಇದ್ನಾ? ದಾಸಪ್ಪ, ನೋಡಿ ಇಲ್ಲಿ.’

ದಾಸಪ್ಪ ಬಗ್ಗಿದ, ತಲೆಯನ್ನು ಆಚೆ ಈಚೆ ವಾಲಿಸಿದ. ‘ನೋಡಿದೀನಿ ಸಾರ್ ಇವನ್ನ. ಪೇಂಟ್ ಶಾಪ್ ಕಂಟ್ರಾಕ್ಟಿನ ಕಡೆಯೋನು ಇರಬೇಕು. ಇದ್ದ, ಇದ್ದ ಅವತ್ತು. ಹೆಸರು ವಿಚಾರಿಸ್ತೀನಿ.’

ಹನುಮೇಶ ಇಬ್ಬರ ಮುಖವನ್ನೂ ನೋಡಿದ. ಅವನು ಮೇಜಿನಿಂದ ಎರಡಡಿ ದೂರದಲ್ಲಿ, ಕಿಟಕಿಯ ಬೆಳಕು ನೇರ ಮುಖಕ್ಕೆ ಬೀಳುವಂತೆ ನಿಂತಿದ್ದ.

‘ಅದು ನಾನು ಸಾರ್.’

ರುದ್ರೇಶ್ ತಲೆಯೆತ್ತಿದ. ಚಿತ್ರ ನೋಡಿದ, ಅವನನ್ನು ನೋಡಿದ, ಮತ್ತೆ ಚಿತ್ರ ನೋಡಿದ. ‘ಇಲ್ಲಾರೀ. ನಿಮ್ಮ ಹಾಗೆಲ್ಲಿದಾನೆ ಅವನು? ಅವನ ಮುಖದಲ್ಲಿ ಒಂದು ಇದು ಇದೆ.’

‘ನಾನೇ ಬರೆದದ್ದು ಸಾರ್. ನನ್ನ ಫೋಟೋ ನೋಡ್ಕೊಂಡು ಬರೆದೆ. ಅಮರಪ್ಪಂದೂ ಹಾಗೇ. ಅಂದ್ರೆ, ಅಮರಪ್ಪ ಅಂತ ಬರೀಲಿಲ್ಲ. ಏನೋ ಬರೆದೆ. ಆ ಫೋಟೋದಲ್ಲಿ ಮುಖ ಅನ್ನೋದೇ ಇಲ್ಲ ಸಾರ್.’

ರುದ್ರೇಶ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ಬಹಳ ದಣಿದವನ ಹಾಗೆ ಕಂಡ. ‘ಹಾಗಾದ್ರೆ ಗುರುವಾರ ಯಾಕೆ ಹೇಳ್ಲಿಲ್ಲ ನೀನು?’ ಎಂದ. ‘ನೀವು’ ಹೋಗಿತ್ತು. ‘ಕ್ವಾಲಿಟಿ ಹೋಗಲ್ಲ ಅಂದೆ. ನಾನು ನಂಬಿದೆ. ಮ್ಯಾನೇಜ್‌ಮೆಂಟಿಗೆ ಕಳಿಸಿದೆ. ಈಗ ಬಂದು ತಮಾಷೆ ಮಾಡ್ತಿದೀಯ? ನಾಳೆ ವಿಚಾರಣೆ ಇದೆ, ಹೊರಗಿನ ವಕೀಲರು ಬರ್ತಾರೆ. ಏನಿದ್ರೂ ಅವರ ಮುಂದೆ ಹೇಳು. ನಿಮ್ಮ ಓನರ್‌ಗೂ ನಾನು ಮಾತಾಡ್ತೀನಿ.’ ಹನುಮೇಶ ಹೇಳಬಹುದಿದ್ದದ್ದು, ನೀವು ಉಸಿರುಬಿಟ್ಟು ಎದ್ದಿರಿ, ಅದಕ್ಕೆ, ಎಂದು. ಅದನ್ನು ಯಾರ ಮುಂದೆ ಹೇಳುವುದು? ಹೊರಗೆ ಗೇಟಿನವರೆಗೂ ದಾಸಪ್ಪ ಜೊತೆಗೆ ಬಂದ. ನಾಚಿಕೆಯಾಗಿರಬೇಕು ಎಂದುಕೊಂಡರೆ, ಅವನು ಹನುಮೇಶನ ಭುಜ ಹಿಡಿದು ನಿಲ್ಲಿಸಿ, ದನಿ ತಗ್ಗಿಸಿ, ‘ಬೇಜಾರಾಗ್ಬೇಡ. ಆದ್ರೂ ನಿಜ ಹೇಳು, ಅವತ್ತು ನೀನು ಇಲ್ಲಿದ್ದೆ ಅಲ್ವಾ? ನನಗೆ ಚೆನ್ನಾಗಿ ನೆನಪಿದೆ’ ಎಂದ.

ಸಂಜೆ ಶ್ಯಾಮಣ್ಣ ಏನೇನು ಬೈದ ಎನ್ನುವುದು ಹನುಮೇಶನ ಕಿವಿಗೆ ಸರಿಯಾಗಿ ಬೀಳಲಿಲ್ಲ. ‘ಲೇ, ಕಟ್ ಪೇಸ್ಟ್ ಮಾಡೋನಿಗೆ ನ್ಯಾಯ ಅನ್ಯಾಯ ಯಾಕೋ? ನಾಳೆ ಅಲ್ಲಿಗೆ ಹೋದ್ರೆ ಇಲ್ಲಿಗೆ ಬರಬೇಡ’ ಎಂಬುದು ಮಾತ್ರ ಬಿದ್ದಿತು. ಬೆಳಕಿದ್ದಾಗಲೇ ಚಿಕ್ಕಬಾಣಾವರ ಸೇರಿ, ಹಳಿ ದಾಟಿ ಅಮರಪ್ಪನ ಕೋಣೆ ಹುಡುಕಿದ. ಒಂದೇ ವಠಾರದಲ್ಲಿ ಎಂಟು ಬಾಗಿಲು. ಅವನ ಹೆಂಡತಿ ಶಿವಗಂಗಾ ಹೊಸ್ತಿಲಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ‘ಬರ್ರಿ, ಚಾ ಇಡ್ತೀನಿ’ ಎಂದು ಪರಿಚಯವಿಲ್ಲದೆಯೇ ಎದ್ದು ಒಳಗೆ ಹೋದಳು. ಅಮರಪ್ಪ ಹೊರಗೆ ಬಂದ. ಹನುಮೇಶ ನಿಂತಲ್ಲೇ ಎಲ್ಲ ಹೇಳಿಬಿಟ್ಟ: ಸಾಫ್ಟ್‌ವೇರಲ್ಲ, ನಾನು, ಕಣ್ಣು ನಾನು ಬರೆದದ್ದು, ತುಟಿ ನಾನು ಬರೆದದ್ದು, ಮೀಸೆ ಮಾತ್ರ ಗೊತ್ತಿಲ್ಲ. ಅಮರಪ್ಪ ಬೈಯಲಿ ಎಂದು ಕಾದ. ಎರಡು ಏಟು ಹಾಕಿದ್ದರೂ ಹಗುರಾಗುತ್ತಿತ್ತು. ಅವನು ಒಳಗೆ ಹೆಂಡತಿ ಸ್ಟವ್ ಹಚ್ಚುವ ಸದ್ದು ಕೇಳಿಸಿಕೊಂಡು, ಹನುಮೇಶನ ತೋಳು ಹಿಡಿದು ಹಳಿಯ ಪಕ್ಕದ ಜಲ್ಲಿ ರಾಶಿಯವರೆಗೆ ಕರೆದುಕೊಂಡು ಹೋದ.

‘ಕಲ್ಲು ನಾನಽ ಒಗದದ್ದು’ ಎಂದ.

ಹನುಮೇಶನಿಗೆ ಮೊದಲು ಅರ್ಥವಾಗಲಿಲ್ಲ.

‘ಖರೇ ಹೇಳ್ತೀನಿ. ಸಿದ್ರಾಮನ ಬೆರಳು ಪ್ರೆಸ್ಸಿನ್ಯಾಗ ಇದ್ದಾಗ ಅವನ್ನ ಹಿಡಕೊಂಡಾಂವ ನಾನು. ಅವನದಽ ತಪ್ಪು ಅಂತ ಬರದ್ರು. ತಲಿ ಕೆಟ್ಟಿತ್ತು, ಒಗದೆ. ಒಳಗ ಆ ಹೆಣ್ಣುಮಗಳು ಕುಂತಾಳ ಅಂತ ನನಗ ಗೊತ್ತಿರಲಿಲ್ಲ.’ ಒಂದು ಜಲ್ಲಿಕಲ್ಲನ್ನು ಕಾಲಿನಿಂದ ಆಚೆ ಸರಿಸಿದ. ‘ಆದ್ರ ಆ ಫೋಟೋದಾಗ ಇರಾಂವ ನಾನಲ್ರಿ. ನಾ ಅಲ್ಲಿ ನಿಂತಽ ಇಲ್ಲ. ನಾ ಈಚಿ ಕಡೆ, ನೀರಿನ ಟ್ಯಾಂಕಿನ ಹತ್ರ ಇದ್ದೆ. ಯಾವ ಕ್ಯಾಮೆರಾನೂ ನನ್ನ ನೋಡಿಲ್ಲ. ಸುಳ್ಳು ಫೋಟೋ ತೋರಿಸಿ ನನ್ನ ಹೊರಗ ಹಾಕಿದ್ರ ನಾ ಹೆಂಗ ಸುಮ್ನಿರಲಿ? ನೀವು ನಾಳೆ ಬಂದು, ಇದು ಅಮರಪ್ಪ ಅಲ್ಲ ಅಂತ ಹೇಳ್ರಿ. ಅದು ಖರೇ ಐತಲ್ಲ?’

ಖರೇ ಇತ್ತು. ಹನುಮೇಶ ಹೂಂ ಅಂದ. ಚಹಾ ಕುಡಿಯುವಾಗ ಅದರ ರುಚಿ ಗೊತ್ತಾಗಲಿಲ್ಲ. ಮನೆಗೆ ನಡೆಯುತ್ತ, ತಾನು ಈ ಮನುಷ್ಯನಿಗೆ ಮಾಡಿದ ಅನ್ಯಾಯ ಏನು ಎಂದು ಬಿಡಿಸಿಕೊಳ್ಳಲು ನೋಡಿದ. ಸುಳ್ಳು ಬರೆದೆ; ಸುಳ್ಳು ಹೋಗಿ ಸರಿಯಾದ ಮನುಷ್ಯನ ಮೇಲೇ ಕೂತಿತು. ಹಾಗಾದರೆ ತನ್ನ ಕೈಗೆ ಏನಾದರೂ ಗೊತ್ತಿತ್ತೇ? ಇಲ್ಲ, ದಾಸಪ್ಪನಿಗೆ ಗೊತ್ತಿತ್ತು. ದಾಸಪ್ಪನಿಗಾದರೂ ಏನು ಗೊತ್ತಿತ್ತು, ಅವನು ನನ್ನನ್ನೂ ಗುರುತಿಸಿದನಲ್ಲ. ಐದು ದಿನದಿಂದ ಹೊತ್ತು ತಿರುಗಿದ ತಪ್ಪನ್ನು ಇಳಿಸಲು ಈಗ ಜಾಗವೇ ಇಲ್ಲದಂತಾಗಿತ್ತು.

ಬುಧವಾರ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬೆಂಚುಗಳನ್ನು ಸರಿಸಿ ವಿಚಾರಣೆ ನಡೆಸಿದರು. ವಿಚಾರಣೆಗೆ ಬಂದವರು ನಿವೃತ್ತ ವಕೀಲರು, ನಿಧಾನದ ಮನುಷ್ಯ. ಹನುಮೇಶ ಎರಡೂ ಪ್ರಿಂಟುಗಳನ್ನು ಇಟ್ಟು, ಹೇಗೆ ಮಾಡಿದೆ ಎಂದು ಹೇಳಿದ. ಈ ಸಲ ಮಾತು ತಡವರಿಸಲಿಲ್ಲ. ಎದುರಿನ ಬೆಂಚಿನಲ್ಲಿ ಸುಮಂಗಲಾ ಕೂತಿದ್ದಳು. ಹುಬ್ಬಿನ ಮೇಲೆ ಮೂರು ಹೊಲಿಗೆ, ಸುತ್ತ ಹಳದಿಗೆ ತಿರುಗಿದ ಬಾವು. ಅವನು ಅದನ್ನು ಮೊದಲ ಸಲ ನೋಡುತ್ತಿದ್ದ. ಅದರಲ್ಲಿ ಊಹಿಸಬೇಕಾದ್ದು ಏನೂ ಇರಲಿಲ್ಲ.

‘ಅಂದ್ರೆ ಕಲ್ಲು ಹೊಡೆದವನು ಈತ ಅಲ್ಲ ಅಂತೀರಿ?’ ವಕೀಲರು ಕೇಳಿದರು.

‘ಫೋಟೋದಲ್ಲಿರೋನು ಈತ ಅಲ್ಲ ಸಾರ್.’

‘ನಾನು ಕೇಳಿದ್ದು ಬೇರೆ.’

ಅಮರಪ್ಪ ಕೈಕಟ್ಟಿ ನಿಂತು ನೆಲ ನೋಡುತ್ತಿದ್ದ. ಹನುಮೇಶ ಅದೇ ಮಾತನ್ನು ಇನ್ನೊಮ್ಮೆ ಹೇಳಿದ. ವಕೀಲರು ಬೇರೆ ಸಾಕ್ಷಿ ಉಂಟೇ ಎಂದು ರುದ್ರೇಶನನ್ನು ಕೇಳಿದರು. ದಾಸಪ್ಪ ಎದ್ದು ನಿಂತ, ಎರಡನೆಯ ಪ್ರಿಂಟನ್ನೂ ಹನುಮೇಶನನ್ನೂ ನೋಡಿದ, ಏನೂ ಹೇಳದೆ ಕೂತುಕೊಂಡ. ಆರೋಪ ಸಾಬೀತಾಗಿಲ್ಲ ಎಂದು ಬರೆದರು. ಹನುಮೇಶ ತೋರಿಸಿದ ಕಡೆ ಸಹಿ ಹಾಕಿದ. ಗುರುವಾರದಿಂದ ಕೆಲಸಕ್ಕೆ ಬಾ ಎಂದು ಅಮರಪ್ಪನಿಗೆ ರುದ್ರೇಶನೇ ಹೇಳಿದ, ಯಾರ ಮುಖವನ್ನೂ ನೋಡದೆ.

ಹೊರಗೆ ಬಿಸಿಲು ಜೋರಿತ್ತು. ನಾಳೆಯಿಂದ ಎಲ್ಲಿಗೆ ಹೋಗುವುದು ಎಂದು ಹನುಮೇಶ ಇನ್ನೂ ಯೋಚಿಸಿರಲಿಲ್ಲ. ಗೇಟಿನ ಹತ್ತಿರ ಹಿಂದಿನಿಂದ ಹೆಜ್ಜೆ ಕೇಳಿ ತಿರುಗಿದರೆ ಸುಮಂಗಲಾ. ಬಿಸಿಲಿಗೆ ಒಂದು ಕಣ್ಣು ಕಿರಿದು ಮಾಡಿಕೊಂಡಿದ್ದಳು. ಹೊಲಿಗೆ ಎಳೆಯುತ್ತಿತ್ತೇನೋ.

‘ಅಣ್ಣಾ, ಒಂದ್ ಮಾತು. ಹಾಗಾದ್ರೆ ಯಾರು?’

ಹನುಮೇಶ ಗೇಟಿನಾಚೆಯ ರಸ್ತೆ ನೋಡಿದ.

‘ಜಗಳಕ್ಕಲ್ಲ ಅಣ್ಣಾ ಕೇಳ್ತಿರೋದು. ದಿನಾ ಶಿಫ್ಟ್ ಬಿಡೋ ಹೊತ್ತಿಗೆ ಮುನ್ನೂರು ಜನ ನನ್ನ ಕಿಟಕಿ ಮುಂದೆ ಹೋಗ್ತಾರೆ. ಒಬ್ಬೊಬ್ಬರ ಮುಖಾನೂ ನೋಡ್ತೀನಿ, ಇವನಾ ಇವನಾ ಅಂತ. ಅಮರಣ್ಣ ಅಂದಾಗ ಬೇಜಾರಾಯ್ತು, ಆದ್ರೆ ಉಳಿದೋರನ್ನ ನೋಡೋದು ನಿಂತಿತ್ತು. ಈಗ ಮತ್ತೆ ಎಲ್ಲರನ್ನೂ ನೋಡ್ಬೇಕು.’

ಅವಳು ಉತ್ತರಕ್ಕೆ ಕಾದು ನಿಂತಳು. ಅವಳ ಕಣ್ಣು ಅವನ ಹಣೆ, ಮೂಗು, ತುಟಿಗಳ ಮೇಲೆ ಒಂದೊಂದಾಗಿ ಹೋಗುತ್ತಿರುವುದು ಹನುಮೇಶನಿಗೆ ಗೊತ್ತಾಯಿತು. ಆದರೂ ಅವನು ಮುಖ ತಿರುಗಿಸಲಿಲ್ಲ.